ಬಸ್ರಾ ಕಾಕಾನ ಯುದ್ಧಕ್ಕೆ ಸಾಕ್ಷಿ ಹುಡುಕಿದ್ದು

ಮನೆತನದ ವಂಶಾವಳಿ ಬರೆಯಲು ಕೂತವರಿಗೆ ಸತ್ತವರಿಂದ ಏನೂ ತೊಂದರೆಯಿಲ್ಲ. ತಂಟೆಯೆಲ್ಲ ಬದುಕಿದ್ದವರದೇ. ಒಂದು ಹೆಸರು ಕೇಳಲು ಹೋದರೆ ಒಂದು ಫಜೀತಿ ಕಟ್ಟಿಕೊಂಡು ಬರಬೇಕು.

ಅರವತ್ತರ ದಶಕದ ಆರಂಭದಲ್ಲಿ ಸಿಂದಗಿಯ ನಮ್ಮ ಮನೆಯಲ್ಲಿ ನಾನು ಈ ಕೆಲಸಕ್ಕೆ ಕೈ ಹಾಕಿದೆ. ಈ ಮನೆಯಲ್ಲಿ ಮೊದಲು ಬಿ.ಎ. ಪಾಸಾದವಳು ನಾನು. ಗಂಡಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ವಂಶಾವಳಿಯಲ್ಲಿಯೂ ಹಾಗೆಯೇ ಬರೆದಿದ್ದೇನೆ. ನನ್ನ ನಿಯಮ ಒಂದೇ. ಪುರಾವೆ ಇಲ್ಲದ ಮಾತು ಪುಟಕ್ಕೆ ಏರಬಾರದು.

ಆ ನಿಯಮಕ್ಕೆ ಸಿಕ್ಕಿಬಿದ್ದವರು ನಮ್ಮ ಯಜಮಾನರ ಚಿಕ್ಕಪ್ಪ, ಕಾಕಾ. ಹರೆಯದಲ್ಲಿ ಹೇಳದೆ ಕೇಳದೆ ಮನೆ ಬಿಟ್ಟು ಹೋಗಿ, ಕೆಲವು ವರ್ಷಗಳ ಮೇಲೆ ತಿರುಗಿ ಬಂದು, ತಾವು ಮೊದಲನೇ ಮಹಾಯುದ್ಧದಲ್ಲಿ ಇರಾಕಿನ ಬಸ್ರಾಕ್ಕೆ ಹೋಗಿ ತೋಪು ಹಾರಿಸಿದ್ದಾಗಿ ಹೇಳಿದ್ದರಂತೆ. ಒಬ್ಬರೂ ನಂಬಲಿಲ್ಲ. ಊರವರು ‘ಬಸ್ರಾ ಕಾಕಾ’ ಎಂದು ಹೆಸರಿಟ್ಟು ಇಷ್ಟು ವರ್ಷ ನಕ್ಕರು.

ಅವರಿಗೂ ಅವರ ಹೆಂಡತಿ ಕಾಕುವಿಗೂ ಮಕ್ಕಳಿರಲಿಲ್ಲ. ನಾನು ಬರೆದ ವಂಶವೃಕ್ಷದಲ್ಲಿ ಎಲ್ಲರ ಹೆಸರಿನಿಂದಲೂ ಟೊಂಗೆ ಒಡೆದಿತ್ತು. ಕಾಕಾನ ಹೆಸರಿನ ಕೆಳಗೆ ಬರೀ ಕಾಗದ. ಒಂದು ದಿನ ಕಾಕಾ ಅದನ್ನು ಬಹಳ ಹೊತ್ತು ನೋಡಿದರು.

“ಇಲ್ಲಿ ಖಾಲಿ ಐತೆಲ್ಲವಾ, ‘ಇಂವ ಯುದ್ಧಕ್ಕ ಹೋಗಿದ್ದ’ ಅಂತ ಒಂದ ಸಾಲು ಬರಿ. ನಾ ಹೋದಮ್ಯಾಗ ನನ್ನ ಹೆಸರಿನ ಬಲ್ಲಿ ಏನರ ಇರ್ಲಿ.”

ಬರೆಯಲು ಪೆನ್ನು ಎತ್ತಿಯೇಬಿಟ್ಟೆ. ಆದರೆ ನಿಯಮ ನಿಯಮವೇ.

“ಪುರಾವೆ ಸಿಕ್ರ ಬರೀತೇನ್ರಿ ಕಾಕಾ.”

“ಹಂಗಾರ ಹುಡುಕೂನು ನಡಿ.”

ಹೆಳವನ ಸಾಕ್ಷಿ

ಹುಡುಕಲು ಹೊರಡುವ ಮೊದಲೇ ಹೆಳವ ಬಂದ. ವರ್ಷಕ್ಕೊಮ್ಮೆ ಎತ್ತಿನ ಮೇಲೆ ಕೂತು ಬಂದು, ಮನೆತನದ ಹಿರಿಯರ ಹೆಸರುಗಳನ್ನು ಹಾಡಿ, ಜೋಳ ಪಡೆದು ಹೋಗುವವನು. ಉಸಿರು ತಿರುಗಿಸದೆ ಏಳು ತಲೆಮಾರು ಹೇಳಿ ಮುಗಿಸಿದ.

“ನಮ್ಮ ಕಾಕಾ ಯುದ್ಧಕ್ಕ ಹೋಗಿದ್ರೇನು?” ಎಂದೆ.

ಅವನು ಮೊರದಲ್ಲಿದ್ದ ಜೋಳ ನೋಡಿದ. “ಹೋಗಿದ್ರು ಬಿಡ್ರಿ ಅವ್ವಾರ.”

ಕಾಕಾ ಹಿಗ್ಗಿ ಇನ್ನೊಂದು ಮೊರ ಜೋಳ ತಾವೇ ತಂದು ಸುರಿದರು.

“ಕುದುರಿ ಹತ್ತಿ ಹೋಗಿದ್ರು!”

ಮತ್ತೊಂದು ಮೊರ ಬಿತ್ತು.

“ಬಸ್ರಾದ ಅರಸನ್ನ ಕೈಕಟ್ಟಿ ಎಳಕೊಂಡ ಬಂದ್ರು!”

ನಾನು ಕಾಕಾನ ಕೈಯಿಂದ ಮೊರ ಕಸಿದುಕೊಂಡೆ. “ಸಾಕ್ರಿ. ಇನ್ನೊಂದು ಮೊರ ಹಾಕಿದ್ರ ಅರಸನ ಮಗಳ ಕೂಡ ನಿಮ್ಮ ಲಗ್ನಾ ಮಾಡಸ್ತಾನ. ಒಳಗ ಕಾಕು ಕೇಳಾಕತ್ತಾರ.”

ಇಂಡಿಯ ಕೋಟು

ಸಿಂದಗಿಯ ಪಕ್ಕದ ತಾಲೂಕು ಇಂಡಿಯಲ್ಲಿ ನಮ್ಮ ದಾಯಾದಿಯೊಬ್ಬರ ಹೊಲವಿದೆ. ಮನೆ ಪಾಲಾದಾಗ ತಮ್ಮ ಮಿಲಿಟರಿ ಕೋಟು ಅವರ ಕಡೆ ಹೋಯಿತೆಂದು ಕಾಕಾ ಹೇಳಿದರು. ಬಸ್ಸು ಹತ್ತಿ ಹೋದೆವು. ಕೋಟು ಇತ್ತು. ನಿಂಬೆ ಗಿಡಗಳ ಆಚೆ ಜೋಳದ ಹೊಲದ ನಡುವೆ ಬೆದರುಬೊಂಬೆಯ ಮೈಮೇಲೆ ಎರಡೂ ತೋಳು ಚಾಚಿ ನಿಂತಿತ್ತು.

“ಮಿಲಿಟರಿ ಕೋಟು ಅಂತ ನಮ್ಮಪ್ಪ ಭಾಳ ಜತನ ಮಾಡಿದ್ದ,” ಎಂದರು ದಾಯಾದಿ.

ನಾನು ಸೆರಗಿನಿಂದ ಒಂದು ಗುಂಡಿ ತಿಕ್ಕಿ ನೋಡಿದೆ. ಅಂಚೆ ಇಲಾಖೆಯ ಗುರುತು.

“ಕಾಕಾ, ಇದು ಟಪಾಲಿನವನ ಕೋಟ್ರಿ.”

ದಾಯಾದಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಯಪ್ಪಾ, ಯುದ್ಧಕ್ಕ ಹೋಗಿದ್ರೋ, ಟಪಾಲ ಹಂಚಾಕ ಹೋಗಿದ್ರೋ?”

ಕಾಕಾ ಬಗ್ಗಲಿಲ್ಲ. “ಹಕ್ಕಿ ಅಂಜತಾವಿಲ್ಲೋ ಇದಕ್ಕ?”

“ಅಂಜತಾವ.”

“ಹಂಗಾರ ಮಿಲಿಟರೀದ ಅದು!”

ತಂಗಡಗಿಯ ಗೆಳೆಯ

ಮುದ್ದೇಬಿಹಾಳದ ಕಡೆ, ಕೃಷ್ಣೆಯ ದಂಡೆಯ ತಂಗಡಗಿಯಲ್ಲಿ ಕಾಕಾನ ಜೊತೆ ಬಸ್ರಾಕ್ಕೆ ಹೋಗಿದ್ದರೆಂಬ ಸಾಹೇಬರೊಬ್ಬರಿದ್ದರು. ಅಂಗಳದಲ್ಲಿ ಇಬ್ಬರು ಮುದುಕರೂ ತಬ್ಬಿಕೊಂಡು ಅತ್ತರು. ನಾನೂ ಕಣ್ಣೊರೆಸಿಕೊಂಡು ಪೆನ್ನು ತೆಗೆದೆ.

“ನಮ್ಮ ಕಾಕಾ ಯುದ್ಧಕ್ಕ ಬಂದಿದ್ರೇನ್ರಿ?”

“ಏನ ಕೇಳ್ತೀರಿ? ಒಂದ ತಂಬೂನಾಗ ಮಲಗಿದವರು ನಾವು!”

ಚಹಾ ತಂದ ಅವರ ಸೊಸೆ ನನ್ನ ಕೈ ತಡೆದಳು. “ಬರೀಬ್ಯಾಡ್ರಿ ಅಕ್ಕಾರ. ಮಾವನವರ ಯುದ್ಧದ ಮಾತು ಈ ಊರಾಗ ಯಾರೂ ನಂಬಂಗಿಲ್ಲ.”

“ಇವತ್ತರ ನಂಬವಾ,” ಎಂದರು ಸಾಹೇಬರು. “ನೋಡು, ಸಾಕ್ಷಿ ಬಂದಾನ, ಸಿಂದಗಿಯಿಂದ.”

“ಹೌದವಾ, ನಾ ಸಾಕ್ಷಿ,” ಎಂದರು ಕಾಕಾ ಎದೆ ಉಬ್ಬಿಸಿ.

“ನಿಮ್ಮ ಮಾತನ್ನ ನಿಮ್ಮೂರಾಗ ನಂಬ್ತಾರೇನ್ರಿ?”

ಮೂವರೂ ನನ್ನ ಕಡೆ ನೋಡಿದರು. ನಾನು ಚಹಾ ಬಹಳ ಚೆನ್ನಾಗಿದೆ ಎಂದೆ.

ಮಾತು ಬದಲಿಸಲು ತೋಪಿನ ಸಂಗತಿ ಕೇಳಿದ್ದೇ ತಪ್ಪಾಯಿತು. “ತೋಪು? ಅದರ ಸನೇಕ ನಮ್ಮನ್ನ ಯಾರು ಬಿಡ್ತಾರ ತಂಗಿ? ನಾವು ಹೇಸರಗತ್ತಿ ನಡಸೋರು,” ಎಂದುಬಿಟ್ಟರು ಸಾಹೇಬರು.

ಕಾಕಾನ ಮುಖ ಬಾಡಿತು. ಸಿಂದಗಿಗೆ ಮರಳುವ ಬಸ್ಸು ಹತ್ತಿದೆವು. ಮುದ್ದೇಬಿಹಾಳ ದಾಟಿದ ಮೇಲೆ ತಟ್ಟನೆ ನನ್ನ ಕಡೆ ತಿರುಗಿದರು.

“ತೋಪು ಎಳಿಯೂದು ಹೇಸರಗತ್ತಿ. ಹೇಸರಗತ್ತಿ ಎಳಿಯಾಂವ ನಾ. ಹಂಗಾರ ತೋಪು ಯಾರ್ದಾತು?”

ಟಪಾಲಿನಲ್ಲಿ ಬಂದ ದೇವರು

ದಾರಿಯಲ್ಲೇ ಬಸವನ ಬಾಗೇವಾಡಿ. ಅಲ್ಲಿ ಕಾಕಾನ ಅಕ್ಕನ ಮನೆ, ನನಗೆ ಅತ್ತೆಯಾಗಬೇಕು. ಪುರಾವೆಗಾಗಿ ಇಳಿಯಲಿಲ್ಲ, ಕಾಕಾ ಆ ಆಸೆ ಬಿಟ್ಟಿದ್ದರು. “ಅಕ್ಕನ ಮಾರಿ ನೋಡಿ ಹೋಗೂನು” ಎಂದರು, ಅಷ್ಟೇ.

ನಾನು ಹೋದ ಮನೆಯ ದೇವರನ್ನೂ ದಾಖಲು ಮಾಡುವವಳು. ದೇವರ ಜಗಲಿಯ ಮೇಲೆ ಭಂಡಾರ ಮೆತ್ತಿ ಮೆತ್ತಿ ಅರಿಶಿನದ ಉಂಡೆಯಂತಾದ ಒಂದು ಬಿಲ್ಲೆ ಕಂಡಿತು.

“ಇದು ಯಾವ ದೇವರ್ರಿ ಅತ್ತಿ?”

“ಮೈಲಾರಲಿಂಗ. ಇಂವ ಮನಿ ಬಿಟ್ಟು ಹೋದಾಗ ‘ನನ್ನ ಮಗ ತಿರಗಿ ಬರ್ಲಿ’ ಅಂತ ಅವ್ವ ಮೈಲಾರಕ್ಕ ಹರಕಿ ಹೊತ್ತಿದ್ಳು. ಇಂವ ಬಂದಮ್ಯಾಗ ದೇವ್ರೂ ಬಂದ, ಟಪಾಲಿನಾಗ. ಗಂಡಸರೆಲ್ಲಾ ಹೊಲಕ್ಕ ಹೋಗಿದ್ರು. ಅವ್ವ ಬಿಚ್ಚಿ ನೋಡ್ತಾಳ, ಕುದುರಿ ಮ್ಯಾಲ ಮೈಲಾರ! ನಾ ತವರಿನಾಗ ಬಾಣಂತಿ ಇದ್ದೆ. ಗಂಡನ ಮನಿಗೆ ಹೊಂಡೂ ಮುಂದ ನನ್ನ ಉಡಿಯಾಗ ಹಾಕಿ ಕಳಿಸಿದ್ಳು.”

“ದೇವರು ಟಪಾಲಿನಾಗ ಬರ್ತಾನೇನ್ರಿ?”

“ಭಕ್ತಿ ಇದ್ರ ಬರ್ತಾನ.”

ಬಿಲ್ಲೆ ತಿರುಗಿಸಿ ಹಿಂದಿನ ಬದಿ ನೋಡಿದೆ. ಭಂಡಾರದ ನಡುವೆ ಒಂದು ಗಡ್ಡದ ತಲೆ. “ಇವರ್ಯಾರ್ರಿ?”

“ಮಲ್ಲಾಸುರ. ಮೈಲಾರ ಅವನ ತಲಿ ಕಡದಾನಲ್ಲ, ಅದಕ್ಕ ಬರೇ ತಲಿ ಐತಿ.”

ನನಗೆ ಆ ತಲೆ ಗೊತ್ತಿತ್ತು. ನಾನು ಹುಡುಗಿಯಾಗಿದ್ದಾಗ ಪ್ರತಿ ರೂಪಾಯಿಯ ಮೇಲೂ ಇದ್ದ ಮುಖ. ಆಗಿನ ಬ್ರಿಟಿಷ್ ಚಕ್ರವರ್ತಿ! ಬಿಲ್ಲೆಯನ್ನು ಕಾಕಾನ ಕಡೆ ತಿರುಗಿಸಿ ಹಿಡಿದೆ.

“ಅತ್ತಿ, ಹುಣಸಿಹಣ್ಣು ಹಚ್ಚಿ ಒಂದು ಅಭಿಷೇಕ ಮಾಡೂನ್ರೇನು?”

“ಮೈಲಾರನ ಭಂಡಾರ ತೊಳೀತಾರೇನ? ಓದಿದವರಿಗೆ ಇಷ್ಟೂ ತಿಳಿಯಂಗಿಲ್ಲಲ್ಲ!”

ಕಾಕಾ ಎದ್ದು ಬಂದು ಕೈ ಮುಗಿದರು, ದೇವರಿಗೋ ಅಕ್ಕನಿಗೋ ತಿಳಿಯಲಿಲ್ಲ. “ಅಕ್ಕಾ, ಒಂದ ಸಲ.”

ಅತ್ತೆ ತಮ್ಮನ ಮುಖ ನೋಡಿದರು. ಗೊಣಗುತ್ತಲೇ ತಾವೇ ತಿಕ್ಕತೊಡಗಿದರು. ವರ್ಷಗಳ ಅರಿಶಿನ ಕರಗಿ ಹರಿಯಿತು. ಬಿಲ್ಲೆಯ ಅಂಚಿನ ಸುತ್ತ ಸಣ್ಣ ಇಂಗ್ಲಿಷ್ ಅಕ್ಷರಗಳು ಎದ್ದವು. ಒಂದು ನಂಬರು, ಡ್ರೈವರ್ ಎಂಬ ಮಾತು, ಹೇಸರಗತ್ತೆ ದಳ, ಅವುಗಳ ನಡುವೆ ಕಾಕಾನ ಹೆಸರು. ಗಟ್ಟಿಯಾಗಿ ಓದಿದೆ.

ಕಾಕಾ ನೆಲಕ್ಕೆ ಕೂತರು. “ಇನ್ನೊಮ್ಮೆ ಓದವಾ.”

ಓದಿದೆ.

“ಅಕ್ಕಗ ಕೇಳೂ ಹಂಗ ಓದು.”

ಮತ್ತೆ ಓದಿದೆ. ಅಲ್ಲೇ ವಂಶಾವಳಿ ತೆಗೆದು ಅವರ ಹೆಸರಿನ ಕೆಳಗೆ ಬರೆದೆ: “ಮೊದಲನೇ ಮಹಾಯುದ್ಧಕ್ಕೆ ಹೋಗಿದ್ದರು. ಹೇಸರಗತ್ತೆ ದಳ. ಪದಕವನ್ನು ನಾನು ಕಣ್ಣಾರೆ ಕಂಡಿದ್ದೇನೆ.” ಕಾಕಾ ಮಸಿ ಒಣಗುವ ತನಕ ಬಾಯಿಂದ ಊದುತ್ತ ಕೂತರು.

ಆಮೇಲೆ ಮೆಲ್ಲನೆ ಕೈ ಚಾಚಿದರು. “ಅಕ್ಕಾ, ಇದು ದೇವ್ರಲ್ಲ, ನನ್ನ ಪದಕ. ಒಯ್ಯಲೇನ?”

ಅತ್ತೆ ಪದಕವನ್ನು ಪಟ್ಟನೆ ಮುಷ್ಟಿಯಲ್ಲಿ ಹಿಡಿದುಕೊಂಡರು.

“ದೇವ್ರಲ್ಲ ಅಂತ ಯಾರ ಹೇಳಿದ್ರು? ‘ನನ್ನ ತಮ್ಮ ಯುದ್ಧದ ಸುಳ್ಳ ಹೇಳಿ ನಾಕು ಮಂದ್ಯಾಗ ನಗಿ ಆಗಾಕತ್ತಾನ, ಅವನ ಬಾಯಾಗಿನ ಸುಳ್ಳ ಬಿಡಸಪಾ’ ಅಂತ ದಿನಾ ಇವನ ಮುಂದ ಬೇಡಿಕೊಂಡೇನಿ. ಇವತ್ತ ಬಿಡಸ್ಯಾನ.”

ಹಸಿ ಪದಕಕ್ಕೆ ಭಂಡಾರ ಬಳಿದು ಜಗಲಿಯ ಮೇಲಿಟ್ಟರು. ಉಳಿದದ್ದನ್ನು ತಮ್ಮನ ಹಣೆಗೆ ಒತ್ತಿದರು.

“ಹುಟ್ಟಾ ಸುಳ್ಳಗಾರನ್ನ ಇದ್ದ ಜಾಗಾದಾಗ ಖರೇದಾಂವ ಮಾಡ್ಯಾನ. ಮೈಲಾರ ಅಲ್ದ ಮತ್ತ್ಯಾರೋ ಇಂವ?”