ರಣಧೀರನೆಂಬ ಶಾರ್ಕಿನ ಉಪವಾಸಭಂಗ

ಕೇಳಿರಿ, ಹೊಟ್ಟೆ ತುಂಬ ಉಂಡು ಕಾಲು ಚಾಚಿ ಕುಳಿತ ಪುಣ್ಯವಂತರೇ! ಕಡಲು ಕಣ್ಣಿಗೂ ಕಾಣದ, ಕಡಲ ಗಾಳಿ ಮೂಗಿಗೂ ಸೋಕದ ದಾವಣಗೆರೆಯೆಂಬ ಮಹಾಪಟ್ಟಣದಲ್ಲಿ, ಬೆಣ್ಣೆದೋಸೆಯ ಕಲಿಯುಗವು ಪೂರ್ಣಪ್ರಭೆಯಿಂದ ನಡೆಯುತ್ತಿದ್ದ ಕಾಲದಲ್ಲಿ, ಸ್ಟೀಲ್ ಪಾತ್ರೆಗಳ ಸಗಟು ವ್ಯಾಪಾರಿಯೂ, ಆಜನ್ಮಸಸ್ಯಾಹಾರವ್ರತನಿಷ್ಠನೂ, ಮಾತೃವಾಕ್ಯಭಯಕಂಪಿತನೂ, ಆದರೂ ಹಟದಲ್ಲಿ ಯಾರಿಗೂ ಕಡಿಮೆಯಿಲ್ಲದವನೂ ಆದ ಕೊಟ್ರೇಶಪ್ಪನೆಂಬ ವೀರನು ತನ್ನ ನಡುಮನೆಯಲ್ಲಿ ಸಮುದ್ರವೊಂದನ್ನು ಸ್ಥಾಪಿಸಿದನು.

ಆ ಸಮುದ್ರಕ್ಕೆ ಗಾಜಿನ ಗೋಡೆಗಳಿದ್ದವು. ಅದರ ಉಪ್ಪು ಚೀಲದಲ್ಲಿ ಬಂದಿತ್ತು, ಅಲೆಗಳನ್ನು ಪಂಪು ಎಬ್ಬಿಸುತ್ತಿತ್ತು. ತಳದ ಮರಳಲ್ಲಿ ಜೋಳದ ರೊಟ್ಟಿಯಂತೆ ಚಪ್ಪಟೆಯಾದ, ಬಾಲದಲ್ಲಿ ವಿಷದ ಮುಳ್ಳಿದ್ದ ತೊರಕೆ ಮೀನೊಂದು ಮಲಗಿತ್ತು. ಇನ್ನು ಕಲ್ಲಿನ ಗುಹೆಯಲ್ಲಿ ವಾಸಿಸುತ್ತಿದ್ದವನು ಕ್ರಕಚದಂತಪಂಕ್ತಿಭೀಷಣನೂ ಸಕಲಜಲಚರಹೃದಯವಿದಾರಣನೂ ಆದ ಸಾಕ್ಷಾತ್ ಶಾರ್ಕ್! ಕೊಟ್ರೇಶಪ್ಪನು ಅದಕ್ಕೆ ರಣಧೀರನೆಂದು ಹೆಸರಿಟ್ಟಿದ್ದನು.

ಈ ರಣಧೀರನು ಬಂದ ದಿನದಿಂದ ಏನನ್ನೂ ತಿಂದಿರಲಿಲ್ಲ. ಡಬ್ಬಿಯ ಒಣ ಗುಳಿಗೆಗಳನ್ನು ತೊರಕೆ ಮರ್ಯಾದೆಯಿಂದ ನುಂಗಿತು, ಶಾರ್ಕು ಮೂಸಿಯೂ ನೋಡಲಿಲ್ಲ. ಸಿಗಡಿ ಹಾಕಿ ಎಂದು ಮಾರಿದವನು ಹೇಳಿದ್ದನು. ಆ ಪದವನ್ನು ಆ ಮನೆಯಲ್ಲಿ ಬಾಯಿಬಿಟ್ಟು ಹೇಳುವ ಗಂಡಸು ಯಾರು? ಆದ್ದರಿಂದ ಪನೀರು ಅರ್ಪಿತವಾಯಿತು. ನೆನೆಸಿದ ಕಡಲೆಯೂ ಅರ್ಪಿತವಾಯಿತು. ರಣಧೀರನು ಮೂಗು ಹೊರಹಾಕಿ ನೋಡಿ ಮತ್ತೆ ಒಳಗೆಳೆದುಕೊಂಡನು. ಕೊಟ್ರೇಶಪ್ಪನಿಗೂ ಗಂಟಲಲ್ಲಿ ಅನ್ನ ಇಳಿಯದಾಯಿತು. ನಿಜ ಹೇಳಬೇಕೆಂದರೆ ಆ ಮೀನಿನ ಮೇಲೆ ಅವನು ಜೀವವನ್ನೇ ಇಟ್ಟುಕೊಂಡಿದ್ದನು.

ಆಗ ಗೃಹಸಾಮ್ರಾಜ್ಯದ ಏಕಚ್ಛತ್ರಾಧಿಪತಿಯಾದ ತಾಯಿ ಹಾಲಮ್ಮ ದೇವರ ಮನೆಯಿಂದ ಹೊರಬಂದು ಅಪ್ಪಣೆ ಹೊರಡಿಸಿದಳು.

"ಲೇ ಕೊಟ್ರೇಶಿ, ಈ ಮನಿಗೆ ಬಂದೋರು ಯಾರೂ ಉಪಾಸ ಮಲಗಿಲ್ಲ. ಇವತ್ತು ಹೊತ್ತು ಮುಳುಗಾದ್ರೊಳಗ ಅದು ಉಣ್ಣಬೇಕು. ಇಲ್ಲಾಂದ್ರ ತಂದ ಕಡೀಗೇ ವಾಪಸ್ ಕಳಿಸು. ಹಸದ ಜೀವ ನನ್ನ ಕಣ್ಣೆದುರಿಗೆ ಸಾಯೋದು ಬ್ಯಾಡ."

"ಅದು ಏನ್ ತಿಂತೈತಿ ಅಂತ ಗೊತ್ತೈತೇನವ್ವ ನಿನಗ?"

"ನಾ ಕೇಳಿದ್ನೇನು? ನೀ ಹೇಳಬ್ಯಾಡ."

ಇದನ್ನೇ ರಾಜಾಜ್ಞೆಯೆಂದು ಭಾವಿಸಿದ ವೀರನು ಹೆಂಡತಿ ಶಶಿಕಲಾಳತ್ತ ತಿರುಗಿ, ಸೂರ್ಯನು ಪಡುವಣಕ್ಕಿಳಿಯುವ ಮೊದಲು ಸಪ್ತಸಾಗರಗಳನ್ನು ಶೋಧಿಸಿಯಾದರೂ ಯೋಗ್ಯ ಹವಿಸ್ಸನ್ನು ತಂದು ಆ ವಜ್ರದಂಷ್ಟ್ರನ ಜಠರಾಗ್ನಿಯನ್ನು ತಣಿಸದಿದ್ದರೆ ತಾನು ಕೊಟ್ರೇಶಪ್ಪನೇ ಅಲ್ಲವೆಂಬ ಅರ್ಥ ಬರುವಂತೆ, "ಶಶಿ, ಸ್ಕೂಟರ್ ಕೀಲಿ ಎಲ್ಲೈತಿ?" ಎಂದು ಗರ್ಜಿಸಿದನು.

ಪರಿಚಿತರು ಯಾರಾದರೂ ಕಂಡಾರೆಂದು ಶಿರಸ್ತ್ರಾಣವನ್ನು ತೆಗೆಯದೆಯೇ ಮೀನಿನಂಗಡಿಯನ್ನು ಹೊಕ್ಕನು. ಅಂಗಡಿಯವನು, "ಕ್ಲೀನ್ ಮಾಡಿ, ರೆಡಿ ಮಾಡಿ ಕೊಡ್ಲಾ ಸಾರ್?" ಎಂದನು. ನಮ್ಮ ನಾಯಕನು ಬಾಗಿಲತ್ತಲೇ ಕಣ್ಣಿಟ್ಟು, "ಏನೇನ್ ಮಾಡ್ಬೇಕೋ ಎಲ್ಲಾ ಮಾಡಿ ಕೊಡಪ್ಪ, ಲಗೂನ ಕೊಡು" ಎಂದನು. ಅವನು ಎಲ್ಲವನ್ನೂ ಮಾಡಿಕೊಟ್ಟನು. ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ಸಿಗಡಿ ಕೆಂಪಗೆ ಹೊಳೆಯುತ್ತಿತ್ತು. ಹುಟ್ಟಿದಂದಿನಿಂದ ಸಿಗಡಿಯನ್ನೇ ನೋಡಿರದ ಕೊಟ್ರೇಶಪ್ಪನು ದೇವರು ಅದಕ್ಕೆ ಕೊಟ್ಟ ಬಣ್ಣವೇ ಅದೆಂದು ತಿಳಿದನು.

ಪಾತ್ರೆ ತೊಳೆಯುವ ಕೈಗವಸುಗಳೇ ಕವಚವಾದವು. ತನ್ನದೇ ಅಂಗಡಿಯ ಉದ್ದನೆಯ ಇಕ್ಕಳವೇ ಆಯುಧವಾಯಿತು. ಉಸಿರು ಬಿಗಿಹಿಡಿದು, ಮುಖವನ್ನು ಅತ್ತ ತಿರುಗಿಸಿ, ಸಿಗಡಿಯನ್ನು ಗುಹಾದ್ವಾರದಲ್ಲಿ ಆಡಿಸಿದನು. ಒಡನೆಯೇ ಸಮುದ್ರವು ಕೆಂಪಾಯಿತು!

"ರೀ, ರಕ್ತ! ಕೈ ಕಚ್ಚಿತೇನ್ರೀ?" ಎಂದು ಶಶಿಕಲಾ ಕಿರುಚಿದಳು.

ವೀರನು ಕೈಯೆತ್ತಿ ಬೆರಳುಗಳನ್ನು ಎಣಿಸಿಕೊಂಡನು. ಎಲ್ಲವೂ ಇದ್ದವು. ತೊರಕೆ ಆಚೆ ಮೂಲೆಗೆ ಓಡಿತು. ರಣಧೀರನು ಬಾಲವಷ್ಟೇ ಕಾಣುವಂತೆ ಕಲ್ಲಿನ ಸಂದಿಗೆ ನುಗ್ಗಿದನು. ಕಿಟಕಿಯ ಬಿಸಿಲು ಗೋಡೆಯ ಮೇಲೇರುತ್ತಿತ್ತು. ಕೊಟ್ರೇಶಪ್ಪನ ಕಣ್ಣಲ್ಲಿ ನೀರು ಬಂತು. "ಇದು ಉಳಿಯೋದಿಲ್ಲ ಶಶಿ" ಎಂದನು.

ಆಗ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದ ಹಾಲಮ್ಮ ಸೆರಗನ್ನು ಒಂದಿಷ್ಟು ಸರಿಸಿ ಗಾಳಿಯನ್ನು ಎಳೆದುಕೊಂಡಳು.

"ಬೆಳ್ಳುಳ್ಳಿ, ಶುಂಠಿ, ಬ್ಯಾಡಗಿ ಖಾರ. ಲವಂಗ ಜಾಸ್ತಿ ಆಗೈತಿ. ಲೇ, ಅವನು ಹುರಿಯಾಕಂತ ಮಸಾಲಿ ಹಚ್ಚಿ ಕೊಟ್ಟಾನ. ನೀ ನೋಡಿದ್ರ ಜೀವ ಇರೋ ಮೀನಿಗೆ ಖಾರದ ನೀರು ಕುಡಸಾಕ ಹತ್ತೀಯಲ್ಲ. ಮೊದಲು ಆ ನೀರು ತೆಗಿ!"

ಮಗನು ಕೆಂಪು ನೀರನ್ನು ಚೊಂಬಿನಿಂದ ಮೊಗೆಮೊಗೆದು ಹೊರಚೆಲ್ಲಿ, ಉಪ್ಪು ಬೆರೆಸಿಟ್ಟಿದ್ದ ಹೊಸ ನೀರನ್ನು ಸುರಿದನು. ಹಿತ್ತಲ ನಲ್ಲಿಯಲ್ಲಿ ಸಿಗಡಿಯನ್ನು ತಿಕ್ಕಿ ತಿಕ್ಕಿ ತೊಳೆದನು. ಅದು ಬಿಳಿಚಿಕೊಂಡಿದ್ದು ಕಂಡು ಅವನಿಗೆ ಮತ್ತೊಮ್ಮೆ ಗಾಬರಿಯಾಯಿತು. ಹೊತ್ತು ಮುಳುಗುವುದರಲ್ಲಿತ್ತು. ಇಕ್ಕಳ ಮತ್ತೆ ಇಳಿಯಿತು. ಗಂಧರ್ವಕಿನ್ನರರೆಲ್ಲ ಉಸಿರು ಹಿಡಿದಿರಲು, ಗುಹೆಯಿಂದ ರಣಧೀರನ ಮೂಗು, ಮೂಗಿನ ಹಿಂದೆ ಮೋರೆ, ಮೋರೆಯ ಹಿಂದೆ ಪಟ್ಟೆಪಟ್ಟೆ ಮೈ ಹೊರಬಂತು. ಒಂದು ಮೊಳ ಉದ್ದವೂ ಇಲ್ಲದ ಆ ಮೈ ಒಮ್ಮೆ ಹೊರಳಿತು. ಕಿರುಬೆರಳಷ್ಟಿದ್ದ ಸಿಗಡಿಯಲ್ಲಿ ಅರ್ಧ ಹೋಯಿತು. ಉಳಿದರ್ಧವನ್ನು ತೊರಕೆ ತಿಂದಿತು. ಯುದ್ಧ ಮುಗಿಯಿತು.

"ಉಂಡ್ತವ್ವ! ಉಂಡ್ತು!" ಎಂದು ಕೊಟ್ರೇಶಪ್ಪನು ಇಕ್ಕಳವೆತ್ತಿ ಕುಣಿದನು. ಹಾಲಮ್ಮ ಗಾಜಿನ ಹತ್ತಿರ ಬಂದು, ಗುಹೆಯೊಳಗೆ ದವಡೆಯಾಡಿಸುತ್ತಿದ್ದ ಮೀನನ್ನು ಬಹಳ ಹೊತ್ತು ನೋಡಿದಳು.

"ಅಷ್ಟಕ್ಕ ಅದರ ಹೊಟ್ಟಿ ತುಂಬತೈತೇನು?" ಎಂದಳು. "ಹೋಗು, ಮೈ ತೊಳಕೊಂಡು ಬಂದು ನೀನೂ ಉಣ್ಣು. ನಾಳೆ ತರಾಗ ಇನ್ನೊಂದೀಟು ಜಾಸ್ತಿ ತಗೊಂಬಾ. ಖಾರ ಬ್ಯಾಡ ಅನ್ನು."