ಸಣ್ಣ ಮೀನಿನ ಕುಬಸ

ಮನೆಯ ಮುಂದಿನ ನಳದಿಂದ ಹೆಂಡತಿಗೆ ಒಂದು ಕೊಡ ನೀರು ತಂದುಕೊಡದ ಗಂಡ, ಎರಡು ಮೀನಿಗೆ ಮುಂಬೈಯಿಂದ ನೀರು ತರಿಸುತ್ತಾನೆಂದರೆ ಯಾವ ಹೆಂಗಸಿನ ಎದೆ ಧಸಕ್ಕೆನ್ನುವುದಿಲ್ಲ ಹೇಳಿ. ತುಳಜಾಬಾಯಿಯ ಎದೆ ಧಸಕ್ಕೆಂದಿತು. ಅದೂ ಒಂದು ಸಲವಲ್ಲ, ವಾರಕ್ಕೊಮ್ಮೆ; ಮುಂಬೈ ಮೇಲು ಗಾಡಿ ವಾಡಿ ಜಂಕ್ಷನ್ನಿಗೆ ಬಂದು ಉಸ್ಸೆಂದು ನಿಂತಾಗಲೆಲ್ಲ.

ಮೈಸೂರು ರಾಜ್ಯ ಹೋಗಿ ಕರ್ನಾಟಕವಾಗಿ ಒಂದೆರಡು ವರ್ಷವಾಗಿತ್ತು. ರಾಜ್ಯದ ಹೆಸರು ಬದಲಾಯಿತು, ವಾಡಿಯ ರೈಲ್ವೆ ಚಾಳಿನ ಹಣೆಬರಹ ಬದಲಾಗಲಿಲ್ಲ. ಎಂಟು ಮನೆಗೆ ಒಂದೇ ನಳ. ಮುಂಜಾನೆ ಆರರಿಂದ ಏಳರವರೆಗೆ ಎಂಟೂ ಮನೆಯ ಹೆಂಗಸರು ಕೊಡ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಎಂಟೂ ಮನೆಯ ಗಂಡಸರು ಕಟ್ಟೆಯ ಮೇಲೆ ಕುಳಿತು, ಚಹಾ ಬಶಿಗೆ ಸುರುವಿಕೊಂಡು, ಸಾಲು ಸರಿಯಾಗಿ ನಡೆದಿದೆಯೋ ಇಲ್ಲವೋ ಎಂದು ಮೇಲ್ವಿಚಾರಣೆ ಮಾಡುತ್ತಿದ್ದರು. ತುಳಜಾಬಾಯಿಯ ಗಂಡ ಭಗವಂತನೂ ಅವರಲ್ಲೊಬ್ಬ. ವಾಡಿಯಿಂದ ಸೊಲ್ಲಾಪುರದವರೆಗೆ ಹೋಗಿಬರುವ ಗೂಡ್ಸ್ ಗಾಡಿಗೆ ಅವನು ಗಾರ್ಡು. ಕೆಂಪು ಬಾವುಟ, ಹಸಿರು ಬಾವುಟ, ಒಂದು ಸೀಟಿ: ಇಷ್ಟನ್ನು ಬಿಟ್ಟು ನಾಲ್ಕನೆಯದನ್ನು ಕೈಯಲ್ಲಿ ಹಿಡಿದರೆ ತನ್ನ ಕೈ ಕೆಡುತ್ತದೆ ಎಂದು ಅವನ ದೃಢವಾದ ನಂಬಿಕೆ.

ಒಂದು ದಿನ ಡ್ಯೂಟಿಗೆ ಹೊರಡುವಾಗ ಅವನು, ಬರುವಾಗ ಹವಳ ತರುತ್ತೇನೆ ಎಂದು ಹೇಳಿಹೋದ. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಗಂಡನ ಬಾಯಿಂದ ಇಂಥ ಮಾತು ಬಂತಲ್ಲ ಎಂದು ತುಳಜಾಬಾಯಿಗೆ ಅರ್ಧ ಆನಂದ, ಅರ್ಧ ಗಾಬರಿ. ಕನ್ನಡಿಯ ಮುಂದೆ ನಿಂತು ಕೊರಳನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿಕೊಂಡಳು. ಮಗ್ಗುಲ ಮನೆಯ ಅನಸುಬಾಯಿಗೆ ಸುದ್ದಿ ಮುಟ್ಟಿಸಿದಳು. (ಅನಸುಬಾಯಿಗೆ ಮುಟ್ಟಿಸಿದರೆ ಶಹಾಬಾದಿನವರೆಗೆ ಬೇರೆ ತಾರು ಹೊಡೆಯುವ ಕಾರಣವಿಲ್ಲ.)

ಮರುದಿನ ನಾಲ್ಕು ಜನ ಹಮಾಲರು ಹೆಣ ಹೊತ್ತ ಹಾಗೆ ಒಂದು ಗಾಜಿನ ಪೆಟ್ಟಿಗೆಯನ್ನು ಹೊತ್ತು ತಂದರು. ಹಿಂದೆ ಆರು ಡಬ್ಬಿ ನೀರು. ಅದರ ಹಿಂದೆ ಭಗವಂತ, ಎದೆಗೆ ಒಂದು ಬಕೀಟು ಅವಚಿಕೊಂಡು. ಬಕೀಟಿನೊಳಗೆ ಎರಡು ಮೀನು, ಕೂದಲು ಬಿಚ್ಚಿಕೊಂಡ ಹೂವಿನಂಥದೊಂದು ಪ್ರಾಣಿ, ಮತ್ತು ಕಂದು ಬಣ್ಣದ, ಮೈತುಂಬ ಸಣ್ಣ ಸಣ್ಣ ಬಾಯಿಗಳಿದ್ದ ಒಂದು ಕಲ್ಲು.

ಕಲ್ಲಿಗೆ ಬರವೇ ವಾಡಿಯಲ್ಲಿ? ಸುತ್ತ ಹತ್ತು ಹರದಾರಿ ಫರಸಿ ಕಲ್ಲಿನ ಗಣಿ, ತಿನ್ನುವ ರೊಟ್ಟಿಯ ಮೇಲೆ ಸಿಮೆಂಟಿನ ಧೂಳು. ಅಂಥ ಊರಿಗೆ ಮುಂಬೈಯಿಂದ ಕಲ್ಲು ತಂದಿದ್ದಾನೆ.

"ಹವಳ ಎಲ್ಲಿ?" ಎಂದಳು ತುಳಜಾಬಾಯಿ.

"ಇದೇ ಹವಳ. ಜೀವ ಅದ ಇದಕ್ಕ. ದಿನಾ ಬೆಳೀತದ."

"ಜೀವ ಇದ್ದದ್ದು ಕೊರಳಾಗ ಹೆಂಗ ಹಾಕ್ಕೋಬೇಕು?"

ಅವನು ಪೆಟ್ಟಿಗೆ ಬಂದ ಕಥೆ ಹೇಳತೊಡಗಿದ. ಮುಂಬೈಯ ವಾಡಿ ಬಂದರಿನ ಗೋದಾಮಿನಲ್ಲಿ ಬಂದೇಅಲಿ ಎಂಬೊಬ್ಬ ಗುಮಾಸ್ತನಿದ್ದ. ನಮ್ಮ ಚಿತ್ತಾಪುರದವನೇ, ಭಗವಂತನ ಶಾಲೆಯ ಗೆಳೆಯ. ಒಂಬತ್ತು ವರ್ಷ ಈ ಮೀನಿನ ಸಂಸಾರವನ್ನು ಸಾಕಿದವನು ಅವನು. ಈಗ ಮಾಳಿಗೆ ಮನೆಗೆ ಹೋದ ಮೇಲೆ, ಇಷ್ಟು ಭಾರಕ್ಕೆ ನೆಲ ಕುಸಿದೀತೆಂದು ಸೊಲ್ಲಾಪುರದವರೆಗೆ ತಾನೇ ತಂದು ಗೆಳೆಯನಿಗೆ ದಾನ ಮಾಡಿದ್ದ. ಆ ವಾಡಿಗೆ ಸಮುದ್ರವಿದೆ, ಈ ವಾಡಿಗೆ ಹಳ್ಳವೂ ಇಲ್ಲ. ಆದ್ದರಿಂದ ಬಂದೇಅಲಿ ದೋಣಿಯವರಿಂದ ದೂರದ ತಿಳಿನೀರು ತರಿಸಿ ಡಬ್ಬಿಯಲ್ಲಿ ತುಂಬಿ ಕೊಡುವುದು, ಅದು ಗಾರ್ಡಿನಿಂದ ಗಾರ್ಡಿಗೆ ಕೈ ಬದಲಿಸುತ್ತ ಪುಣೆ, ಸೊಲ್ಲಾಪುರ ದಾಟಿ ರಾಜಮರ್ಯಾದೆಯಿಂದ ಬಂದು ಇಳಿಯುವುದು ಎಂದು ಏರ್ಪಾಡಾಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ವಾಡಿಯ ಬಿಸಿಲಿಗೆ ಪೆಟ್ಟಿಗೆಯ ನೀರು ದಿನಾ ನಾಲ್ಕು ಬೆರಳು ಇಳಿಯುತ್ತಿತ್ತು. ಆರುವುದು ಬರೀ ನೀರು, ಉಪ್ಪು ಒಳಗೇ ಉಳಿಯುತ್ತದೆ, ಆದ್ದರಿಂದ ಮೇಲಿನಿಂದ ಸೀನೀರು ಹಾಕಬೇಕು ಎಂದು ಭಗವಂತ ಶಾಸ್ತ್ರ ಹೇಳಿ, ಅವಳು ಆಗ ತಾನೆ ಸೊಂಟದಿಂದ ಇಳಿಸಿದ ಕೊಡವನ್ನೆತ್ತಿ ಗುಳುಗುಳು ಸುರಿದ. ಕರೆಂಟು ಹೋದರೆ ಮೀನಿಗೆ ಗಾಳಿ ಸಾಲದೆಂದು ಸೈಕಲ್ ಪಂಪಿಗೆ ರಬ್ಬರಿನ ನಳಿಗೆ ಸಿಕ್ಕಿಸಿ ಅವಳ ಕೈಗೆ ಕೊಟ್ಟುಹೋದ. ಒಲೆಯ ಮೇಲೆ ಬೇಳೆ ಹತ್ತಿ ಸುಡುತ್ತಿದ್ದರೆ ಇವಳು ಸಮುದ್ರಕ್ಕೆ ಗಾಳಿ ಹೊಡೆಯುತ್ತ ಕುಳಿತಳು.

ಹಾಗೆ ಗಾಳಿ ಹೊಡೆಯುತ್ತ ಕುಳಿತಾಗಲೇ ಅವಳ ಕಣ್ಣು ತೆರೆದದ್ದು.

ಎರಡೂ ಮೀನು ಕಿತ್ತಳೆ ಬಣ್ಣದವು, ಮೈಮೇಲೆ ಬಿಳಿ ಪಟ್ಟೆ. ಒಂದು ಅರ್ಧ ಗೇಣುದ್ದ, ದಪ್ಪ. ಇನ್ನೊಂದು ಅದರ ಅರ್ಧ. ದೊಡ್ಡದು ಆ ಕೂದಲ ಹೂವಿನ ಮೇಲೆ ಲೋಡಿಗೆ ಒರಗಿದ ಜಮೀನ್ದಾರನ ಹಾಗೆ ಬಿದ್ದುಕೊಂಡಿರುತ್ತಿತ್ತು. ಒಣ ಸೀಗಡಿಯ ಪುಡಿ ಹಾಕಿದರೆ ಮೊದಲ ತುತ್ತು ಅದಕ್ಕೆ. ಸಣ್ಣದು ಹತ್ತಿರ ಬಂದರೆ ಕಚ್ಚುತ್ತಿತ್ತು. ಸಣ್ಣದು ಪಾಪ, ಮೈಯನ್ನು ಗಡಗಡ ನಡುಗಿಸಿ, ಕೈಮುಗಿದಂತೆ ಮಾಡಿ, ಮೂಲೆಗೆ ಸರಿಯುತ್ತಿತ್ತು. ನೋಡುತ್ತ ನೋಡುತ್ತ ತುಳಜಾಬಾಯಿಗೆ ಇದು ತನ್ನ ಮನೆಯದೇ ಕಥೆ ಎನ್ನಿಸಿತು. ದೊಡ್ಡದಕ್ಕೆ 'ಗಾರ್ಡ್ ಸಾಹೇಬ' ಎಂದೂ ಸಣ್ಣದಕ್ಕೆ 'ಬಾಯಿ' ಎಂದೂ ಹೆಸರಿಟ್ಟಳು.

ಒಂದು ಮುಂಜಾನೆ ನಳದಿಂದ ಬಂದು ನೋಡಿದರೆ ಹವಳದ ಪಕ್ಕಕ್ಕೆ ಭಗವಂತ ಇಟ್ಟಿದ್ದ ಬಂಡೆಯ ಮೇಲೆ ರವೆಯ ಹಾಗೆ ಕಿತ್ತಳೆ ತತ್ತಿ. ಸಣ್ಣದು ಎರಡೂ ರೆಕ್ಕೆ ಬೀಸಿ ಬೀಸಿ ಅವಕ್ಕೆ ಗಾಳಿ ಹಾಕುತ್ತಿದೆ, ಒಂದೊಂದನ್ನೇ ಬಾಯಿಂದ ಒರೆಸುತ್ತಿದೆ, ಉಣ್ಣಲೂ ಹೋಗುತ್ತಿಲ್ಲ. ದೊಡ್ಡದು ಹೂವಿನ ಮೇಲೆ ಆರಾಮ.

ಮಧ್ಯಾಹ್ನದೊಳಗೆ ಚಾಳಿನ ಹೆಂಗಸರೆಲ್ಲ ಪೆಟ್ಟಿಗೆಯ ಮುಂದೆ ನೆರೆದರು. ಹೊಟ್ಟೆಯಲ್ಲಿದ್ದದ್ದನ್ನು ಹಡೆದು ಅರ್ಧ ದಿನವಾಗಿಲ್ಲ, ಆಗಲೇ ಕೆಲಸಕ್ಕೆ ಹತ್ತಿದೆಯಲ್ಲ ಎಂದು ಒಬ್ಬಳು ಕಣ್ಣೊರೆಸಿಕೊಂಡಳು. ನೀರಿನೊಳಗೂ ಇದೇ ಬಾಳೇನು ಎಂದು ಇನ್ನೊಬ್ಬಳು ದಂಗಾದಳು. ಚಾಳಿನ ಅರ್ಧ ಮಕ್ಕಳನ್ನು ಈ ಲೋಕಕ್ಕೆ ಎಳೆದುಕೊಂಡಿದ್ದ ಸೂಲಗಿತ್ತಿ ಜಾನಬಿ, ಗಾಜಿಗೆ ಮೂಗು ಹಚ್ಚಿ ದೊಡ್ಡದನ್ನು ಪರೀಕ್ಷಿಸಿ, ಕೂತು ಉಂಡು ಹೊಟ್ಟೆ ಬೆಳೆಸಿದ ಗಂಡಸಿನ ಲಕ್ಷಣವೇ ಇದು ಎಂದು ತೀರ್ಪು ಕೊಟ್ಟಳು.

ಆ ತೀರ್ಪಿನ ಬಲದ ಮೇಲೆ ತುಳಜಾಬಾಯಿ ಸಂಜೆ ಡ್ಯೂಟಿಯಿಂದ ಬಂದ ಗಂಡನನ್ನು ಅಂಗಳದಲ್ಲೇ ತಡೆದಳು. ಎಂಟೂ ಮನೆಯ ಗಂಡಸರು ಕಟ್ಟೆಯ ಮೇಲಿದ್ದರು, ಹೆಂಗಸರು ಬಾಗಿಲಲ್ಲಿದ್ದರು.

"ಗಂಡೋ ಹೆಣ್ಣೋ, ಆ ದೊಡ್ಡ ಮೀನ ಯಾರ ಜಾತಿನೋ, ಅವರು ನಾಳಿಂದ ಈ ಚಾಳಿನಾಗ ನೀರು ತರಬೇಕು. ಸಣ್ಣದರ ಜಾತಿಯವರು ಮನಿಯಾಗ ಕುಂದ್ರಬೇಕು. ಅದು ಮಾಡಿದ ಪಾಪ ಹಿಂಗರ ತೊಳೀಲಿ. ಒಪ್ಪತೀರೋ ಇಲ್ಲೋ?"

ಭಗವಂತ ಸೀಟಿಯನ್ನು ಜೇಬಿಗೆ ಹಾಕಿದ. "ದೊಡ್ಡದು ಯಾರ ಜಾತಿನೋ ಅವರು. ಒಪ್ಪಿದೆ. ಮತ್ತ ಮಾತು ಬದಲಿ ಮಾಡಬಾರದು ನೋಡು."

ಅವನು ಅಷ್ಟು ಸುಲಭವಾಗಿ ಒಪ್ಪುತ್ತಾನೆಂದು ತುಳಜಾಬಾಯಿಯೇ ಎಣಿಸಿರಲಿಲ್ಲ. ಉಳಿದ ಗಂಡಸರು ಗುಜುಗುಜು ಎಂದರು. ಅನಸುಬಾಯಿಯ ಗಂಡ, ಪಾಯಿಂಟ್ಸ್‌ಮನ್ ಸಾಬಣ್ಣ, ಆರಡಿ ಆಳು, ಗಾರ್ಡೇ ಹಸಿರು ಬಾವುಟ ತೋರಿಸಿದ ಮೇಲೆ ಗಾಡಿ ನಿಲ್ಲಿಸುವ ಹಾಗಿಲ್ಲ ಎಂದು ನಿಟ್ಟುಸಿರು ಬಿಟ್ಟ.

ಆಮೇಲಿನ ಹದಿನಾಲ್ಕು ದಿನ ವಾಡಿಯವರು ಹುಟ್ಟಿದಾಗಿನಿಂದ ನೋಡದ ನೋಟ ನೋಡಿದರು. ಎಂಟು ಜನ ಮೀಸೆಯವರು, ಸೊಂಟದ ಮೇಲೆ ಕೊಡ ಹೇಗೆ ನಿಲ್ಲುತ್ತದೆ ಎಂದು ತಿಳಿಯದೆ, ತಲೆಯ ಮೇಲಿಟ್ಟು, ಹೆಗಲ ಮೇಲಿಟ್ಟು, ಕೊನೆಗೆ ಮಗುವಿನ ಹಾಗೆ ಎತ್ತಿಕೊಂಡು ನಡೆದರು. ಹೆಂಗಸರು ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡರು. ಸಾಲು ವಾರೆಯಾಗಿದೆ ಎಂದು ಅನಸುಬಾಯಿ ಅಲ್ಲಿಂದಲೇ ತಿದ್ದುತ್ತಿದ್ದಳು. ತುಳಜಾಬಾಯಿಯ ಕೀರ್ತಿ ನಾಲವಾರದ ತನಕ ರೈಲು ಹತ್ತಿ ಹೋಯಿತು. ಅಲ್ಲಿಯ ಇಬ್ಬರು ಹೆಂಗಸರು ಟಿಕೀಟು ತೆಗೆಸಿ ಬಂದು, ಇಂಥದೇ ಮೀನು ತಮಗೂ ಬೇಕೆಂದು ಕೇಳಿ ಹೋದರು.

ತತ್ತಿಗಳು ಎಂಟೊಂಬತ್ತು ದಿನಕ್ಕೆ ಒಡೆದವು, ಮರಿಗಳು ಉಳಿಯಲಿಲ್ಲ. ಹೆಂಗಸರು ಒಂದು ಹೊತ್ತು ಊಟ ಬಿಟ್ಟರು. ಅಷ್ಟರಲ್ಲಿ ಬಂದೇಅಲಿಯ ಕಾಗದ ಬಂತು: ಈ ಜೋಡಿ ಹದಿನೈದು ದಿನಕ್ಕೊಮ್ಮೆ ತತ್ತಿ ಇಡುತ್ತದೆ, ಚಿಂತೆ ಬೇಡ. ಹೆಂಗಸರಿಗೆ ಜೀವ ಬಂದಂತಾಯಿತು. ಸಣ್ಣದು ಅಂದಿನಿಂದ ಬಂಡೆಯನ್ನು ಕಚ್ಚಿ ಕಚ್ಚಿ ಕೆರೆಯತೊಡಗಿತು. ಜಾನಬಿ ಬಂದು ನೋಡಿ, ಬಸುರಿಗೆ ಮಣ್ಣು ತಿನ್ನುವ ಬಯಕೆಯಾಗುತ್ತದೆ, ಇದಕ್ಕೆ ಮಣ್ಣಿಲ್ಲ, ಕಲ್ಲು ನೆಕ್ಕುತ್ತಿದೆ, ದಿನ ತುಂಬಿದೆ ಎಂದಳು. ಅಲ್ಲಿಗೆ ನಿಶ್ಚಯವಾಯಿತು. ಹೋದ ಸಲ ಯಾರೂ ಏನೂ ಮಾಡಲಿಲ್ಲ, ಈ ಸಲ 'ಬಾಯಿ'ಗೆ ಸೀಮಂತದ ಕುಬಸ ಮಾಡಲೇಬೇಕು. ತೌರಿನವರು ಇಲ್ಲದ ಬಸುರಿಗೆ ನಾವೇ ತೌರು.

ಹದಿನೈದನೆಯ ದಿನ ರವಿವಾರ. ಪೆಟ್ಟಿಗೆಗೆ ಹಸಿರು ಕುಬಸದ ಖಣ ಹೊದಿಸಿದರು. ಮೀನಿಗೆ ಕೈಯಿಲ್ಲದ್ದರಿಂದ ಹಸಿರು ಬಳೆಗಳನ್ನು ದಾರದಲ್ಲಿ ಪೋಣಿಸಿ ನಾಲ್ಕೂ ಮೂಲೆಗೆ ತೂಗುಬಿಟ್ಟರು. ಜಾನಬಿ ಮಲೀದೆ ಮಾಡಿ ತಂದಳು, ಅನಸುಬಾಯಿ ಹೋಳಿಗೆ. ನೀರಿಗೆ ಒಂದು ಅಗುಳು ಬಿದ್ದರೂ ಹವಳ ಸಾಯುತ್ತದೆ ಎಂದು ಭಗವಂತ ಕಟ್ಟಪ್ಪಣೆ ಮಾಡಿದ್ದ. ಆದ್ದರಿಂದ ಬಯಕೆಯ ಊಟವನ್ನು ಗಾಜಿಗೆ ತೋರಿಸಿ ತೋರಿಸಿ ಹೆಂಗಸರೇ ಉಂಡರು. ಗಂಡಸರು ತುಂಬಿದ ಕೊಡ ಹಿಡಿದು ಬಾಗಿಲ ಹೊರಗೆ ಸಾಲಾಗಿ ನಿಂತಿದ್ದರು. ಶುಭಕಾರ್ಯಕ್ಕೆ ನೀರು ಹೆಚ್ಚು ಬೇಕಲ್ಲ.

ತುಳಜಾಬಾಯಿ ಆರತಿ ಎತ್ತಿದಳು. ಹಾಡು ಎರಡನೆಯ ನುಡಿಗೆ ಬಂದಿತ್ತು. ಆಗ ಗಾರ್ಡ್ ಸಾಹೇಬ ಹೂವಿನ ಮೇಲಿಂದ ಎದ್ದಿತು. 'ಬಾಯಿ'ಯನ್ನು ಪಕ್ಕಕ್ಕೆ ನೂಕಿತು. ಬಂಡೆಗೆ ಹೊಟ್ಟೆ ಒತ್ತಿ, ನಡುಗುತ್ತ, ನಿಧಾನವಾಗಿ ಮುಂದೆ ಜರುಗಿತು. ಅದು ಜರುಗಿದ ದಾರಿಯಲ್ಲಿ ಒಂದರ ಪಕ್ಕ ಒಂದು, ಮಣಿ ಪೋಣಿಸಿದ ಹಾಗೆ, ಕಿತ್ತಳೆ ತತ್ತಿ.

ಹಾಡು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕಡೆ ನಿಂತಿತು. ಆರತಿ ತುಳಜಾಬಾಯಿಯ ಕೈಯಲ್ಲಿ ಗಾಳಿಯಲ್ಲೇ ಉಳಿಯಿತು. ದೊಡ್ಡದು ತಿರುಗಿ ಬಂದು ಎರಡನೆಯ ಸಾಲು ಹಾಕಿತು, ಮೂರನೆಯದು ಹಾಕಿತು.

ಅನಸುಬಾಯಿ ಮೆಲ್ಲಗೆ ಅಂದಳು: "ತುಳಜಾ, ನಿನ್ನ ಗಾರ್ಡ್ ಸಾಹೇಬ ಹಡಿಯಾಕತ್ತಾನಲ್ಲ."

ಜಾನಬಿ ಗಾಜಿಗೆ ಮತ್ತೆ ಮೂಗು ಹಚ್ಚಿದಳು. ನಲವತ್ತು ವರ್ಷದಲ್ಲಿ ಕೈ ತಪ್ಪಿರಲಿಲ್ಲ, ಮುಸುಡಿ ನೋಡಿ ಗಂಡೋ ಹೆಣ್ಣೋ ಹೇಳುತ್ತಿದ್ದೆ ಎಂದು ತನ್ನಷ್ಟಕ್ಕೆ ಗೊಣಗುತ್ತ ಎರಡು ಚಮಚ ಮಲೀದೆ ಬಾಯಿಗೆ ಹಾಕಿಕೊಂಡಳು.

ತುಳಜಾಬಾಯಿ ಸುಲಭಕ್ಕೆ ಸೋಲುವವಳಲ್ಲ. ಎರಡೂ ಸರತಿಯ ಮೇಲೆ ಹಡೆಯುತ್ತಿರಬಹುದು, ಹೋದ ಸಲ ಸಣ್ಣದು, ಈ ಸಲ ದೊಡ್ಡದು ಎಂದು ವಾದ ಹೂಡಿದಳು. ಹೋದ ಸಲ ಸಣ್ಣದು ಇಟ್ಟದ್ದನ್ನು ಕಣ್ಣಾರೆ ಕಂಡೆಯಾ ಎಂದು ಹೆಂಗಸರೇ ಕೇಳಿದರು. ಅವಳು ಆಗ ನಳದ ಮುಂದಿದ್ದಳು. ಸಣ್ಣದು ಅಷ್ಟರಲ್ಲಿ ದೊಡ್ಡದರ ಹಿಂದೆ ಹಿಂದೆ ಹೋಗಿ, ಬಿದ್ದ ತತ್ತಿಗೆಲ್ಲ ಗಾಳಿ ಹಾಕುವ ಕೆಲಸಕ್ಕೆ ಹತ್ತಿತ್ತು. ಒಂಬತ್ತು ವರ್ಷ ಸಂಸಾರ ಮಾಡಿದ ಗಂಡನ ಗಾಂಭೀರ್ಯ ಅದರ ಮುಖದಲ್ಲಿ ಈಗ ಎಲ್ಲರಿಗೂ ಎದ್ದು ಕಂಡಿತು.

ಸಾಬಣ್ಣ ಬಾಗಿಲಲ್ಲಿ ಇಣುಕಿದ. ಹೆಗಲ ಮೇಲಿನ ಕೊಡವನ್ನು ಇಳಿಸಿ, ಅನಸುಬಾಯಿಯ ಕಾಲ ಹತ್ತಿರ ಇಟ್ಟು, "ದೊಡ್ಡದರ ಜಾತಿ" ಎಂದಷ್ಟೇ ಹೇಳಿ ಕಟ್ಟೆಯ ಮೇಲೆ ಹೋಗಿ ಕುಳಿತ. ಅವನ ಹಿಂದೆ ಏಳು ಕೊಡಗಳು ಒಂದಾದ ಮೇಲೊಂದು ಇಳಿದವು.

ಎಲ್ಲರೂ ಹೋದ ಮೇಲೆ ತುಳಜಾಬಾಯಿ ಗಂಡನ ಕಡೆ ತಿರುಗಿದಳು. ಅವನ ಮುಖದಲ್ಲಿ ಆಶ್ಚರ್ಯದ ಒಂದು ಗೆರೆಯೂ ಇರಲಿಲ್ಲ.

"ನಿಮಗ ಮೊದಲೇ ಗೊತ್ತಿತ್ತು."

"ಬಂದೇಅಲಿ ಬಕೀಟು ಕೊಡುವಾಗೇ ಹೇಳಿದ್ದ. ನಾ ಹೇಳಿದ್ರ ನೀ ನಂಬತಿದ್ದಿ ಏನು?"

"ಮತ್ತ ಹದಿನಾಲ್ಕು ದಿನ ಯಾಕ ನೀರು ತಂದ್ರಿ?"

ಭಗವಂತ ಮೀನಿನ ಕಡೆ ನೋಡುತ್ತಲೇ ಹೇಳಿದ: "ಆ ಹದಿನಾಲ್ಕು ದಿನ ನೀ ನನ್ನ ಜೋಡಿ ಒಂದ್ ದಿನಾನೂ ಜಗಳ ಆಡಲಿಲ್ಲ. ಎರಡು ಕೊಡ ನೀರಿನ ಬೆಲಿಗೆ ಭಾಳ ಸೋವಿ ಬಿತ್ತು."

ಇದಕ್ಕೆ ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ ಅವಳು ಆ ರಾತ್ರಿ ಎರಡು ರೊಟ್ಟಿ ಹೊತ್ತಿಸಿದಳು.

ಮರುದಿನ ಆರಕ್ಕೆ ಕೊಡ ತೆಗೆದುಕೊಂಡು ನಳಕ್ಕೆ ಹೋದಳು. ಏಳು ಜನ ಹೆಂಗಸರು ಆಗಲೇ ನಿಂತಿದ್ದರು. ಅವಳನ್ನು ಕಂಡು ಯಾರೂ ಜಾಗ ಬಿಡಲಿಲ್ಲ. ಕಟ್ಟೆಯ ಸುಖ ಹದಿನಾಲ್ಕೇ ದಿನಕ್ಕೆ ಕಳೆದುಕೊಂಡವರ ಕಣ್ಣು ಅವು. ಕೊನೆಗೆ ಅನಸುಬಾಯಿ ತನ್ನ ಕೊಡವನ್ನು ಇವಳ ಕೊಡದಿಂದ ಒಂದು ಮೊಳ ದೂರ ಸರಿಸಿಟ್ಟು ಹೇಳಿದಳು:

"ಮುಟ್ಟಬ್ಯಾಡ ನಳ. ನಿಮ್ಮ ಮನಿಯಾಗ ಹೆರಿಗಿ ಆಗ್ಯಾದ, ನಾವೇ ಕಣ್ಣಿಲೆ ನೋಡೀವಿ. ಹನ್ನೊಂದು ದಿನ ಪುರುಡು. ನಮ್ಮದೆಲ್ಲ ತುಂಬಿದ ಮ್ಯಾಲ ಉಳದ್ರ ತಗೋ."

ಮೀನಿನ ಹೆರಿಗೆಗೆ ಪುರುಡು ಎಲ್ಲಾದರೂ ಉಂಟೇ ಎಂದು ಬಾಯಿ ತೆರೆದಳು. ಕುಬಸ ಉಂಟಾದ ಮೇಲೆ ಪುರುಡು ಹೇಗೆ ಇಲ್ಲ ಎಂದು ಹಿಂದಿನಿಂದ ಯಾರೋ ಕೇಳಿದರು. ತುಳಜಾಬಾಯಿ ಸಾಲಿನ ಕೊನೆಗೆ ಹೋಗಿ ನಿಂತಳು.

ಹನ್ನೊಂದು ದಿನ ಕಳೆಯಿತು. ಹದಿನೈದನೆಯ ದಿನಕ್ಕೆ ದೊಡ್ಡದು ಮತ್ತೆ ಹಡೆಯಿತು. ಮತ್ತೆ ಪುರುಡು. ಆ ಉಪ್ಪುನೀರಿನ ಮನೆಯಲ್ಲಿ ತಪ್ಪದೆ, ತಡಮಾಡದೆ, ಹದಿನೈದು ದಿನಕ್ಕೊಂದು ಹೆರಿಗೆ. ಮೇಲು ಗಾಡಿ ಕೂಡ ಅಷ್ಟು ವೇಳೆಗೆ ಸರಿಯಾಗಿ ವಾಡಿಗೆ ಬಂದದ್ದಿಲ್ಲ. ಹದಿನೈದರಲ್ಲಿ ಹನ್ನೊಂದು ದಿನ ತುಳಜಾಬಾಯಿ ಕೊನೆಯವಳು. ಉಳಿದ ನಾಲ್ಕು ದಿನ ಎಲ್ಲರಿಗಿಂತ ಮೊದಲು ಹೋಗಿ, ನಳದ ಬಾಯಿಗೇ ಕೊಡ ಹಚ್ಚಿ ನಿಲ್ಲುತ್ತಿದ್ದಳು. ಆ ಬೇಸಿಗೆ, ಆ ನಾಲ್ಕು ದಿನ, ನಳಕ್ಕೆ ನೀರೇ ಬರುತ್ತಿರಲಿಲ್ಲ.