ಗಿರಿಜೆಯ ಕಂಪ್ಯೂಟರಿಗೆ ನಾನು ಕೊಟ್ಟ ಸ್ವಾತಂತ್ರ್ಯ

ಎರಡು ದಿನದ ತರಬೇತಿ ಮುಗಿಸಿ ಊರಿಗೆ ಮರಳಿದ ಮಾಸ್ತರನಷ್ಟು ಅಪಾಯಕಾರಿ ಮನುಷ್ಯ ಇನ್ನೊಬ್ಬನಿಲ್ಲ. ಹೋಗುವಾಗ ತನಗೆ ಏನು ಗೊತ್ತಿಲ್ಲ ಎಂಬುದಾದರೂ ಅವನಿಗೆ ಗೊತ್ತಿರುತ್ತದೆ. ಬರುವಾಗ ಅದನ್ನೂ ಮರೆತಿರುತ್ತಾನೆ. ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು ಇಂಥ ತರಬೇತಿಗಳಿಂದ ಏನೇನೋ ಹೊತ್ತು ತಂದಿದ್ದೇನೆ. ಒಮ್ಮೆ ಎರೆಹುಳು ತಂದೆ. ಇನ್ನೊಮ್ಮೆ ಬಿಸಿಲಿನಲ್ಲಿ ಅನ್ನ ಬೇಯಿಸುವ ಪೆಟ್ಟಿಗೆ ತಂದೆ. ಅದರಲ್ಲಿಟ್ಟ ಅಕ್ಕಿ ಮೂರು ತಾಸಾದರೂ ಅಕ್ಕಿಯಾಗಿಯೇ ಉಳಿದು, ಅವತ್ತು ಮನೆಯವರೆಲ್ಲ ಚುರಮುರಿ ತಿಂದೆವು. ನನ್ನ ಹೆಂಡತಿ ಗಿರಿಜಾ ಇದನ್ನೆಲ್ಲ ಸಹಿಸಿಕೊಂಡಳು. ಹುಳುವಾಗಲಿ ಪೆಟ್ಟಿಗೆಯಾಗಲಿ ಅವಳ ಕಂಪ್ಯೂಟರಿನ ತಂಟೆಗೆ ಹೋಗಿರಲಿಲ್ಲ.

ಅವಳ ಕಂಪ್ಯೂಟರ್ ಎಂದೇ ಹೇಳಬೇಕು, ಸ್ಟಾಫ್‌ರೂಮಿನಲ್ಲಿ ನಾನು ‘ನಮ್ಮ ಕಂಪ್ಯೂಟರ್’ ಎನ್ನುತ್ತಿದ್ದರೂ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಗಿರಿಜಾ ಪಡಸಾಲೆಯಲ್ಲಿ ಕುಳಿತು ಲಗ್ನಪತ್ರಿಕೆ ಟೈಪ್ ಮಾಡಿ, ಅಂದವಾಗಿ ಜೋಡಿಸಿ, ಬೆಳಗಾವಿಯ ಪ್ರೆಸ್ಸಿಗೆ ಕಳಿಸುತ್ತಿದ್ದಳು. ಕಿತ್ತೂರಿನಿಂದ ರಾಮದುರ್ಗದವರೆಗೆ ಅವಳನ್ನು ಹುಡುಕಿಕೊಂಡು ಜನ ಬರುತ್ತಿದ್ದರು. ನಾನು ಅವರಿಗೆ ನೀರು ತಂದುಕೊಟ್ಟು, ಮಳೆ ಬೆಳೆಯ ಬಗ್ಗೆ ಮಾತಾಡಿಸಿ, ಒಟ್ಟಿನಲ್ಲಿ ಸಂಸ್ಥೆಯ ಮಾಲೀಕನ ಹಾಗೆ ಓಡಾಡಿಕೊಂಡಿದ್ದೆ.

ಆಗ ಧಾರವಾಡದಲ್ಲೊಂದು ತರಬೇತಿ ಬಂತು. ಗಡ್ಡ ಬಿಟ್ಟ ಒಬ್ಬ ತರುಣ ಲಿನಕ್ಸ್ ಎಂಬ ಹೊಸ ವ್ಯವಸ್ಥೆಯ ಬಗ್ಗೆ ಒಂದು ತಾಸು ಮಾತಾಡಿದ. ಕಂಪ್ಯೂಟರನ್ನು ನಡೆಸುವ ತಂತ್ರಾಂಶ ಯಾರೊಬ್ಬರ ಸ್ವತ್ತೂ ಆಗಬಾರದು; ನಮ್ಮ ಹಿರಿಯರು ಜೋಳದ ಬೀಜವನ್ನು ಒಬ್ಬರಿಗೊಬ್ಬರು ಕೊಟ್ಟ ಹಾಗೆ ಅದನ್ನೂ ಕೊಡಬೇಕು, ತೆಗೆದುಕೊಳ್ಳಬೇಕು, ಬಿಚ್ಚಿ ನೋಡಬೇಕು ಎಂದ. ಕಿತ್ತೂರು ಸೀಮೆಯವನ ಮುಂದೆ ಸ್ವಾತಂತ್ರ್ಯದ ಮಾತೆತ್ತಬಾರದು. ಕುದುರೆ ಇರಲಿ ಬಿಡಲಿ, ಅವನು ಏರಿಬಿಡುತ್ತಾನೆ. ಸಂಜೆಯ ಬಸ್ಸಿನಲ್ಲಿ ಒಂದು ಸಿ.ಡಿ. ಮತ್ತು ತೆಳ್ಳನೆಯ ಕೈಪಿಡಿಯನ್ನು ಎದೆಗವಚಿಕೊಂಡು ಬಂದೆ. ರಾತ್ರಿ ಊಟಕ್ಕೆ ಕುಳಿತಾಗ ಗಿರಿಜಾಳಿಗೆ ಗುಲಾಮಗಿರಿಯ ಬಗ್ಗೆ ತಿಳಿಸಿ ಹೇಳಿದೆ. ಅವಳು ರೊಟ್ಟಿ ಬಡಿಸುತ್ತ, “ಅದರಾಗ ಕನ್ನಡ ಬರತೈತೇನು?” ಎಂದಳು. “ಸ್ವತಂತ್ರ ಐತಿ ಅಂದಮ್ಯಾಲೆ ಎಲ್ಲಾ ಬರತೈತಿ” ಎಂದೆ. ನಲವತ್ತು ಮಕ್ಕಳ ಮುಂದೆ ದಿನವೂ ಗೊತ್ತಿಲ್ಲದ ಪ್ರಶ್ನೆಗೆ ಉತ್ತರಿಸಿದವನಿಗೆ ಇದೇನೂ ದೊಡ್ಡದಲ್ಲ.

ಮುಂದಿನ ರವಿವಾರ ಗಿರಿಜಾ ಉಗರಗೋಳದಲ್ಲಿ ಅಕ್ಕನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೊರಟಳು. ಚಪ್ಪಲಿ ಮೆಟ್ಟುತ್ತ, “ಕಂಪ್ಯೂಟರ್ ಮುಟ್ಟಬ್ಯಾಡ್ರಿ. ಯರಗಟ್ಟಿಯವರ ಪತ್ರಿಕಿ ಅದರಾಗ ಐತಿ, ಮಂಗಳವಾರ ಪ್ರೆಸ್ಸಿಗೆ ಹೋಗಬೇಕು” ಎಂದಳು. ನಾನು ತಲೆಯಾಡಿಸಿದೆ. ಅವಳು ಹತ್ತಿದ ಬಸ್ಸು ಊರು ದಾಟಿರಲಿಕ್ಕಿಲ್ಲ, ನಾನು ಸಿ.ಡಿ. ಹಾಕಿ ಕುಳಿತಿದ್ದೆ. ಅವಳು ಬರುವಷ್ಟರಲ್ಲಿ ಅವಳನ್ನು ಸ್ವತಂತ್ರಗೊಳಿಸಿ ಬೆರಗುಗೊಳಿಸಬೇಕು ಎಂಬ ಹಂಚಿಕೆ.

ಯಂತ್ರ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳತೊಡಗಿತು. ಭಾಷೆ ಯಾವುದು, ಗಡಿಯಾರ ಯಾವ ದೇಶದ್ದು ಎಂಬಲ್ಲಿಯವರೆಗೆ ನಾನು ಗಟ್ಟಿಯಾಗಿದ್ದೆ. ಆಮೇಲೆ ಡಿಸ್ಕನ್ನು ಹೇಗೆ ಪಾಲು ಮಾಡಲಿ ಎಂದು ಕೇಳಿ ಮೂರು ಉತ್ತರಗಳನ್ನು ಮುಂದಿಟ್ಟಿತು. ಸರಿಯುತ್ತರ ಗೊತ್ತಿಲ್ಲದಿದ್ದರೆ ಮೊದಲನೆಯದನ್ನೇ ಬರೆಯಿರಿ ಎಂದು ನಾನು ವರ್ಷಾನುಗಟ್ಟಲೆ ಮಕ್ಕಳಿಗೆ ಹೇಳಿಕೊಟ್ಟವನು, ಮೊದಲನೆಯದನ್ನೇ ಒತ್ತಿದೆ. ‘ನಿಜವಾಗಿಯೂ?’ ಎಂದು ಅದು ಇನ್ನೊಮ್ಮೆ ಕೇಳಿತು. ನನ್ನ ಮಾತನ್ನು ಎರಡೆರಡು ಸಲ ಖಾತ್ರಿ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಸ್ವಲ್ಪ ಜೋರಾಗಿಯೇ ಒತ್ತಿದೆ. ಅರ್ಧ ತಾಸಿನ ನಂತರ ಪರದೆಯ ಮೇಲೆ ಲಿನಕ್ಸಿನ ಗುರುತಾದ ಒಂದು ಪೆಂಗ್ವಿನ್ ಬಂದು ಕುಳಿತಿತು. ಚಹಾ ಮಾಡಿಕೊಂಡು ಕುಡಿದೆ. ಕುಡಿಯುತ್ತಿರುವಾಗ, ಯರಗಟ್ಟಿಯವರ ಪತ್ರಿಕೆ ಎಲ್ಲಿದೆ ಎಂದು ನೋಡೋಣವೆನಿಸಿತು. ಎಲ್ಲಿಯೂ ಇರಲಿಲ್ಲ. ಪತ್ರಿಕೆಗಳಿಗೆಂದು ಅವಳು ಮೂರು ವರ್ಷದಿಂದ ಕೂಡಿಟ್ಟ ಗಣಪತಿಗಳು, ಬಳ್ಳಿಗಳು, ಶಿವಲಿಂಗಗಳು, ಯಾವುದೂ ಇರಲಿಲ್ಲ. ಮೊದಲನೆಯ ಉತ್ತರದ ಅರ್ಥ ‘ಇರುವುದೆಲ್ಲವನ್ನೂ ಅಳಿಸು’ ಎಂದು ಕೈಪಿಡಿಯ ಹನ್ನೊಂದನೆಯ ಪುಟದಲ್ಲಿ ಬರೆದಿತ್ತು. ನಾನು ನಾಲ್ಕನೆಯ ಪುಟದವರೆಗೆ ಓದಿದ್ದೆ.

ಸಂಜೆ ಗಿರಿಜಾ ಬಂದಳು. ಪರದೆ ನೋಡಿದಳು. ನನ್ನನ್ನು ನೋಡಿದಳು.

“ಪತ್ರಿಕಿ ಎಲ್ಲೈತ್ರಿ?”

“ಈ ವ್ಯವಸ್ಥಾದಾಗ ಫೈಲು ಇಡೂ ಪದ್ಧತಿನ ಬ್ಯಾರೆ...” ಎಂದು ಶುರು ಮಾಡಿದೆ.

“ಐತೋ ಇಲ್ಲೋ?”

“ಇಲ್ಲ.”

ಅವಳು ಕೂಗಾಡಿದ್ದರೆ ನನಗೊಂದು ದಾರಿಯಿತ್ತು. ಸಿಟ್ಟಿಗೆ ಸಿಟ್ಟು ಮಾಡಿ ಹೊರಗೆ ಹೋಗಿಬಿಡಬಹುದಿತ್ತು. ಅವಳು ಸೀರೆ ಬದಲಿಸಿ ಬಂದು ಕಂಪ್ಯೂಟರಿನ ಮುಂದೆ ಕುಳಿತಳು. ಪೆಂಗ್ವಿನ್ನಿಗೆ ಕನ್ನಡ ಬರುತ್ತದೆಯೇ ಎಂದು ಹುಡುಕಿ, ಹೇಗೋ ಬರೆಯುವ ದಾರಿ ಕಂಡುಹಿಡಿದು, ‘ಪ್ರಸನ್ನ’ ಎಂದು ಟೈಪ್ ಮಾಡಿದಳು. ಆ ಕಾಲಕ್ಕೆ ಅದಕ್ಕೆ ನಮ್ಮ ಲಿಪಿ ಇನ್ನೂ ಒಗ್ಗಿರಲಿಲ್ಲ. ಕೆಳಗಿರಬೇಕಾದ ಒತ್ತಕ್ಷರಗಳು ಮುನಿಸಿಕೊಂಡ ಬೀಗರಂತೆ ಪಕ್ಕಕ್ಕೆ ಸರಿದು ಕುಳಿತವು. “ಅಕ್ಷರಕ್ಕೂ ಸ್ವಾತಂತ್ರ್ಯ ಸಿಕ್ಕಂಗ ಕಾಣತೈತಿ” ಎಂದಷ್ಟೇ ಹೇಳಿದಳು. ಹಳೆಯ ವ್ಯವಸ್ಥೆಯನ್ನು ಮತ್ತೆ ಹಾಕಿಕೊಡುವವನು ಹುಬ್ಬಳ್ಳಿಯಿಂದ ಬರುವುದಕ್ಕೆ ಒಂದು ವಾರ ಬೇಕಿತ್ತು. ಅದಕ್ಕಿಂತ ದೊಡ್ಡ ತೊಡಕೆಂದರೆ, ಯರಗಟ್ಟಿಯವರು ಬರೆದುಕೊಟ್ಟ ಹೆಸರುಗಳ ಚೀಟಿಯನ್ನು ಟೈಪ್ ಮುಗಿದ ಮೇಲೆ ಅವಳು ಒಲೆಗೆ ಹಾಕಿದ್ದಳು. “ನಾಳೆ ಸಾಲಿಗೆ ರಜಾ ಹಾಕ್ರಿ. ಯರಗಟ್ಟಿಗೆ ಹೋಗಿ ಹೆಸರು ಬರಕೊಂಡ ಬರ್ರಿ. ಏನಾತು ಅಂತ ಅವರಿಗೆ ನೀವ ಹೇಳ್ರಿ, ನಾ ಹೇಳಂಗಿಲ್ಲ” ಎಂದಳು.

ಯರಗಟ್ಟಿಯ ಆ ಮನೆಯಲ್ಲಿ ಮೂವರು ಅಣ್ಣತಮ್ಮಂದಿರು: ಹತ್ತಿ ವ್ಯಾಪಾರದ ಬಸಲಿಂಗಪ್ಪ ಹಿರಿಯರು, ಈರಪ್ಪ ನಡುವಿನವರು, ಮದುಮಗಳ ತಂದೆ ಮಲ್ಲಪ್ಪ ಕಿರಿಯರು. ಬಸಲಿಂಗಪ್ಪ ನನ್ನನ್ನು ಕುಳ್ಳಿರಿಸಿ ವಿಚಾರಿಸಿದರು.

“ಕಂಪ್ಯೂಟರಿಗೆ ಏನಾತ್ರಿ ಮಾಸ್ತರ?”

“ಹೊಸಾ ವ್ಯವಸ್ಥಾ ಹಾಕಿದ್ನಿರಿ ಸಾಹುಕಾರ್ರ.”

“ಹಳೇದು ಕೆಟ್ಟಿತ್ತೇನು?”

“ಇಲ್ರಿ. ಛಲೋನ ಇತ್ತು.”

ಅವರು ಮಕ್ಕಳಿಗೆ ವಿದ್ಯೆ ಕಲಿಸುವವನ ಬಗ್ಗೆ ಚಿಂತಿಸುತ್ತ ಚಹಾ ತರಿಸಿದರು.

ಹೆಸರು ಬರೆಸತೊಡಗಿದಾಗ ನಿಜವಾದ ಸಂಕಟ ಶುರುವಾಯಿತು. ‘ಸುಖಾಗಮನ ಬಯಸುವವರು’ ಎಂಬಲ್ಲಿ ಯಾರ ಹೆಸರು ಮೊದಲು ಎಂಬುದನ್ನು ಅವರು ತಿಂಗಳುಗಟ್ಟಲೆ ಕಿತ್ತಾಡಿ, ಹಿರಿಯರನ್ನು ಕೂಡಿಸಿ, ಹೇಗೋ ಬಗೆಹರಿಸಿಕೊಂಡಿದ್ದರಂತೆ. ಒಲೆ ಸೇರಿದ ಚೀಟಿ ಆ ಒಪ್ಪಂದ. ಈಗ ಬಸಲಿಂಗಪ್ಪ ತಮ್ಮ ಹೆಸರು ಹೇಳುತ್ತಲೇ ಈರಪ್ಪ, “ವರಾ ಹುಡುಕಾಕ ಊರೂರು ತಿರಗಿದಾಂವ ನಾ. ನನ್ನ ಹೆಸರ ಮೊದಲ ಅಂತ ಆಗಿತ್ತು” ಎಂದರು. “ಎಲ್ಲಿ ಆಗಿತ್ತು? ತೋರಸು ಚೀಟಿ” ಎಂದರು ಬಸಲಿಂಗಪ್ಪ. ಇಬ್ಬರೂ ನನ್ನತ್ತ ತಿರುಗಿದರು. ಮಲ್ಲಪ್ಪ, ಹಾಗಾದರೆ ಮಗಳ ತಂದೆ ನಾನೇನು ಹಂದರದ ಕಂಬವೇ ಎಂದು ಎದ್ದು ನಿಂತರು. ಲಗ್ನ ಮುರಿಯುವುದಿಲ್ಲ, ಮನೆ ಮುರಿಯುತ್ತದೆ, ಮುರಿದವನು ಬೈಲಹೊಂಗಲದ ವಿಜ್ಞಾನ ಮಾಸ್ತರ ಎಂಬುದು ನನಗೆ ಖಾತ್ರಿಯಾಯಿತು. ಮಧ್ಯಾಹ್ನದವರೆಗೆ ಮೂರು ಹಾಳೆ ಬರೆದೆ, ಮೂರನ್ನೂ ಹರಿದರು.

ಒಳಗಿನಿಂದ ಅವರ ತಾಯಿ ಗಂಗವ್ವ ಗೋಡೆ ಹಿಡಿದುಕೊಂಡು ಬಂದು ನನ್ನ ಎದುರಿಗೆ ಕುಳಿತರು.

“ಮಾಸ್ತರ, ಪೆನ್ನು ಹಿಡೀರಿ. ಮೊದಲ ಗಂಗವ್ವ ಅಂತ ಬರೀರಿ. ಈ ಮೂರೂ ಮಂದೀನ ಹಡದಾಕಿ ನಾ. ಹುಟ್ಟಿದ ಪರಕಾರ ನನ್ನ ಹಿಂದ ನಿಲ್ಲತಾರ. ನಿಲ್ಲದಾವ್ರು ಈಗ ಹೇಳಲಿ.”

ಬಸಲಿಂಗಪ್ಪ ಹೊಸ ಹಾಳೆಯೊಂದನ್ನು ನನ್ನ ಮುಂದೆ ಸರಿಸಿದರು. ಅಣ್ಣನೂ ಮೊದಲನೆಯವನಲ್ಲ ಎಂಬುದರಿಂದ ಈರಪ್ಪನವರಿಗೆ ಸಮಾಧಾನವಾಗಿತ್ತು. ಅಷ್ಟು ದಿನ ಜಗಳಾಡಿ ಮಾಡಿದ ಪಟ್ಟಿಯಲ್ಲಿ ಆ ಮುದುಕಿಯ ಹೆಸರೇ ಇರಲಿಲ್ಲವೆಂದು ಬಸ್‌ಸ್ಟ್ಯಾಂಡಿನವರೆಗೆ ನನ್ನನ್ನು ಕಳಿಸಲು ಬಂದ ಮಲ್ಲಪ್ಪ ಹೇಳಿದರು. ಯಾರಿಗೂ ನೆನಪಾಗಿರಲಿಲ್ಲವಂತೆ.

ಆ ಪತ್ರಿಕೆಯನ್ನು ಗಿರಿಜಾ ಬಿಳಿ ಹಾಳೆಯ ಮೇಲೆ ಕರಿ ಮಸಿಯಲ್ಲಿ ಕೈಯಿಂದಲೇ ಬರೆದಳು. ಅದನ್ನೇ ಪ್ರೆಸ್ಸಿನವರು ಅಚ್ಚು ಮಾಡಿದರು. ಲಗ್ನದಲ್ಲಿ ಜನ ಆ ಅಕ್ಷರ ನೋಡಿ ಹೊಗಳಿದರು. ಇಂಥದ್ದೇ ಬೇಕೆಂದು ಕಿತ್ತೂರಿನ ಹತ್ತಿರದ ಎಂ.ಕೆ. ಹುಬ್ಬಳ್ಳಿಯಿಂದ ಇಬ್ಬರು ಬಂದರು. ಇದೆಲ್ಲ ನನ್ನಿಂದಲೇ ಆದದ್ದು ಎಂದು ಒಮ್ಮೆ ಹೇಳಿ ನೋಡಿದೆ. ಗಿರಿಜಾ ಲೇಖನಿ ಎತ್ತಿ ನನ್ನನ್ನು ನೋಡಿದ ರೀತಿ ಕಂಡು, ಎರಡನೆಯ ಸಲ ಹೇಳಲಿಲ್ಲ.

ವಾರದ ಮೇಲೆ ಹುಬ್ಬಳ್ಳಿಯವನು ಬಂದು ಹಳೆಯದನ್ನು ಹಾಕಿದ. ಅವನಿಗೆ ಗಿರಿಜಾ, “ಆ ಪೆಂಗ್ವಿನ್ನೂ ಒಂದ ಮೂಲ್ಯಾಗ ಇರಲಿ” ಎಂದಳು. ದಿನವೂ ಅಡುಗೆಯಾದ ಮೇಲೆ ಕೈಪಿಡಿ ಹಿಡಿದು ಕುಳಿತು, ನಾನು ಬಿಟ್ಟ ನಾಲ್ಕನೆಯ ಪುಟ ದಾಟಿ ಕೊನೆಯವರೆಗೆ ಓದಿದಳು. ಲಿನಕ್ಸಿನಲ್ಲಿ ‘ರೂಟ್’ ಎಂಬ ಒಬ್ಬ ಯಜಮಾನ ಇರುತ್ತಾನೆ, ಅವನ ಗುಪ್ತಪದವಿಲ್ಲದೆ ಬೇರೆಯವರು ಏನನ್ನೂ ಹಾಕಲಾರರು, ಏನನ್ನೂ ಅಳಿಸಲಾರರು ಎಂದು ಅಲ್ಲಿ ಬರೆದಿತ್ತು. ಆ ಪುಟ ಓದುವಾಗ ಅವಳು ನಕ್ಕದ್ದನ್ನು ನಾನು ನೋಡಿದೆ. ಮರುದಿನ ಹಳೆಯ ವ್ಯವಸ್ಥೆಗೂ ಗುಪ್ತಪದ ಹಾಕಿ, ಪೆಂಗ್ವಿನ್ನಿನ ಮೂಲೆಯಲ್ಲಿ ನನಗೊಂದು ಪ್ರತ್ಯೇಕ ಖಾತೆ ಮಾಡಿಕೊಟ್ಟಳು. ಅದರ ಹೆಸರು ‘ಅತಿಥಿ’.

ಈಗ ನನಗೆ ಒಂದು ವಚನಗಾಯನದ ಸಿ.ಡಿ. ಕೇಳಬೇಕೆನಿಸಿದರೂ ಅದನ್ನು ತೆರೆಯಲು ಯಜಮಾನನ ಅಪ್ಪಣೆ ಬೇಕು. “ಒಂದೀಟ ಬಾ ಇಲ್ಲೆ” ಎಂದು ಕರೆಯುತ್ತೇನೆ. ಗಿರಿಜಾ ಕೈ ಒರೆಸಿಕೊಂಡು ಬಂದು, ಕೀಲಿಮಣೆಯ ಮೇಲೆ ಬೆರಳಿಟ್ಟು, “ಆ ಕಡೆ ನೋಡ್ರಿ” ಎನ್ನುತ್ತಾಳೆ. ನಾನು ಗೋಡೆ ನೋಡುತ್ತೇನೆ.